ಪದಚರ್ಚೆ: ಪೊಲೀಸರ ‘ರೀಅಶ್ಯೂರೆನ್ಸ್’ – ಭರವಸೆಯೋ, ಧೈರ್ಯವೋ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನಲ್ಲಿ ಮಕ್ಕಳ ಜೊತೆ ಇರಲು ಬಂದಿರುವ ನಮ್ಮ ಕನ್ನಡದ ಹಿರಿಯರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ವಿಷಯ ಇಲ್ಲಿನ ‘ನೇಬರ್‌ಹುಡ್ ಪೊಲೀಸಿಂಗ್’, ಅಂದರೆ ಪೊಲೀಸರು ತಮ್ಮ ಪಾಲಿನ ಬೀದಿಗಳಲ್ಲಿ ಓಡಾಡಿ ಅಲ್ಲಿನ ಜನರ ಪರಿಚಯ ಇಟ್ಟುಕೊಳ್ಳುವ ಪದ್ಧತಿ. ಅದರಲ್ಲಿ ಹೆಜ್ಜೆಹೆಜ್ಜೆಗೂ ಬರುವ ಪದ ‘ರೀಅಶ್ಯೂರೆನ್ಸ್’. ನಿಘಂಟು ನೋಡಿದರೆ ಭರವಸೆ, ಆಶ್ವಾಸನೆ, ಅಭಯ ಎಂದೆಲ್ಲ ಸಿಗುತ್ತದೆ. ಯಾವುದೂ ಒಗ್ಗುತ್ತಿಲ್ಲ.

ಈ ಪದದ ಹಿಂದೆ ಒಂದು ಕಥೆ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1990ರ ದಶಕದ ನಡುವಿನಿಂದ ಅಪರಾಧ ಇಳಿಯುತ್ತಾ ಬಂತು. ಆದರೆ ಜನ ಮಾತ್ರ ಅದು ಜಾಸ್ತಿಯಾಗುತ್ತಿದೆ ಎಂದೇ ನಂಬಿದ್ದರು. ಜನರಿಗೆ ಹೆದರಿಕೆ ಹುಟ್ಟುವುದು ಅಂಕಿ ಅಂಶದಿಂದ ಅಲ್ಲ, ಒಡೆದ ಬಸ್ ಸ್ಟಾಪಿನ ಗಾಜು, ಗೋಡೆ ಮೇಲಿನ ಗೀಚು, ಮೂಲೆಯಲ್ಲಿ ಕುಡಿದು ಕೂಗಾಡುವ ಗುಂಪು, ಇಂಥದ್ದರಿಂದ. ಹಾಗಾಗಿ 2003ರಿಂದ 2005ರವರೆಗೆ 16 ಕಡೆ ಒಂದು ಪ್ರಯೋಗ ನಡೆಯಿತು. ಅದರ ಹೆಸರಿನಲ್ಲೇ ಈ ಪದ ಇತ್ತು. ಅದೇ ಪೊಲೀಸರು ಅದೇ ಬೀದಿಗಳಲ್ಲಿ ನಡೆದು ಓಡಾಡಬೇಕು. ಜನ ಹೇಳಿದ ತೊಂದರೆಯನ್ನೇ ಮೊದಲು ಕೈಗೆತ್ತಿಕೊಳ್ಳಬೇಕು. ಏನು ಮಾಡಿದೆವು ಅಂತ ಬಂದು ಹೇಳಬೇಕು. 2008ರ ಹೊತ್ತಿಗೆ ಈ ಪದ್ಧತಿ ಎಲ್ಲ ಕಡೆ ಬಂತು.

2010ರಲ್ಲಿ ಸರ್ಕಾರ ಖರ್ಚಿಗೆ ಕತ್ತರಿ ಹಾಕಿತು. ಪೊಲೀಸರಿಗೆ ಕೇಂದ್ರದಿಂದ ಬರುವ ಅನುದಾನವನ್ನು ನಾಲ್ಕು ವರ್ಷದಲ್ಲಿ ಶೇ. 20ರಷ್ಟು ಇಳಿಸುವ ತೀರ್ಮಾನ ಆಯಿತು. ಮುಂದಿನ ವರ್ಷಗಳಲ್ಲಿ ಸುಮಾರು 20,000 ಪೊಲೀಸರು ಕಡಿಮೆಯಾದರು. ತುರ್ತು ಸಂಖ್ಯೆ 999ಕ್ಕೆ ಕರೆ ಬಂದರೆ ಓಡಲೇಬೇಕಲ್ವಾ? ಬೀದಿ ಸುತ್ತುವವರನ್ನೇ ಆ ಕೆಲಸಕ್ಕೆ ಎಳೆದುಕೊಂಡರು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಕಾಣದಾದರು. ಇದು ನನಗೆ ತುಂಬಾ ಬೇಸರದ ಸಂಗತಿ. ನಮ್ಮ ಹಿರಿಯರಲ್ಲಿ ಎಷ್ಟೋ ಜನಕ್ಕೆ ಇಂಗ್ಲಿಷ್ ಸರಾಗವಾಗಿ ಬರುವುದಿಲ್ಲ. ಅವರು ಫೋನ್ ಮಾಡಿ ದೂರು ಕೊಡುವವರಲ್ಲ. ಪರಿಚಯದ ಮುಖ ಕಂಡರೆ ಮಾತ್ರ ಬಾಯಿ ಬಿಡುವವರು.

ಈಗ ಪದಗಳಿಗೆ ಬರುತ್ತೇನೆ. ‘ಭರವಸೆ’ ಮುಂದಿನ ದಿನದ ಮಾತು. ‘ಕ್ರಮ ಕೈಗೊಳ್ಳುವುದಾಗಿ ಸಚಿವರು ಭರವಸೆ ನೀಡಿದರು’ ಅಂತ ದಿನಾ ಓದುತ್ತೇವೆ. ‘ಆಶ್ವಾಸನೆ’ಯೂ ಅದೇ ದಾರಿ ಹಿಡಿದಿದೆ. ‘ಅಭಯ’ ಅಂದರೆ ದೇವರ ಕೈ ಕಣ್ಣಿಗೆ ಬರುತ್ತದೆ. ‘ನೆಮ್ಮದಿ’ ಚೆನ್ನಾಗಿದೆ, ಆದರೆ ಅದು ಕೊನೆಗೆ ಸಿಗುವ ಫಲ. ಪೊಲೀಸರು ಮಾಡುವ ಕೆಲಸದ ಹೆಸರಲ್ಲ.

ನನಗೆ ಹತ್ತಿರ ಅನ್ನಿಸುವುದು ‘ಧೈರ್ಯ’. ‘ಪಕ್ಕದಲ್ಲಿ ಯಾರಾದರೂ ಇದ್ದರೆ ಒಂದು ಧೈರ್ಯ’ ಅಂತೀವಲ್ಲ, ಆ ಧೈರ್ಯ. ಆದರೆ ‘ಧೈರ್ಯ ತುಂಬು’ ಅಂದ ಕೂಡಲೇ ಇನ್ನೊಂದು ಚಿತ್ರ ಬರುತ್ತದೆ. ಚುನಾವಣೆ, ಗಣೇಶೋತ್ಸವದ ಮುಂಚೆ ನಮ್ಮ ಊರುಗಳಲ್ಲಿ ಪೊಲೀಸರು ಬಂದೂಕು ಹಿಡಿದು ಪಥಸಂಚಲನ ಮಾಡುತ್ತಾರೆ. ಪತ್ರಿಕೆಗಳು ಅದನ್ನು ‘ಜನರಲ್ಲಿ ಧೈರ್ಯ ತುಂಬಿದರು’ ಎಂದೇ ಬರೆಯುತ್ತವೆ. ಅದು ಬಲ ತೋರಿಸುವ ಕೆಲಸ. ಇಲ್ಲಿ ಹೇಳಬೇಕಾದದ್ದು ಪರಿಚಯದಿಂದ ಬರುವ ಧೈರ್ಯ.

ಜೊತೆಗೆ ಇನ್ನೂ ಕೆಲವು ತೊಡಕು. ‘ನೇಬರ್‌ಹುಡ್’ಗೆ ನೆರೆಹೊರೆ ಸರಿ, ಆದರೆ ಅದನ್ನು ಮೊಟಕು ಮಾಡಿ ‘ನೆರೆ ಪೊಲೀಸ್’ ಅಂದರೆ ಪ್ರವಾಹದ ಸಮಯದ ಪೊಲೀಸ್ ಆಗಿಬಿಡುತ್ತದೆ. ‘ಕೇರಿ’ಗೆ ಜಾತಿಯ ನೆನಪು ಅಂಟಿದೆ. ‘ಓಣಿ’ ಧಾರವಾಡ ಕಡೆಯವರಿಗೆ ಮನೆಮಾತು, ಮೈಸೂರಿನವರಿಗೆ ಇಕ್ಕಟ್ಟಿನ ದಾರಿ. ನಾನು ಸದ್ಯಕ್ಕೆ ‘ಬೀಟ್ ಪೊಲೀಸ್’ ಅಂತಲೇ ಇಟ್ಟಿದ್ದೇನೆ. ಗಸ್ತು ಪುಸ್ತಕಕ್ಕೆ ಸಹಿ ಹಾಕಲು ರಾತ್ರಿ ಬರುವ ಕಾನ್‌ಸ್ಟೇಬಲ್‌ನನ್ನು ಕಂಡವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

‘ಬಜೆಟ್ ಖೋತಾ’ ಅಂತ ಬರೆಯಲು ಕೈ ಓಡಿತ್ತು, ಸಂಬಳ ಖೋತಾ ಅನ್ನೋ ಹಾಗೆ. ಆದರೆ ‘ಖೋತಾ ಬಜೆಟ್’ ಅಂದರೆ ಆದಾಯಕ್ಕಿಂತ ಖರ್ಚು ಹೆಚ್ಚಿರುವ ಬಜೆಟ್. ಎರಡೂ ಬೆರೆತುಹೋಗುತ್ತವೆ. ‘ಅನುದಾನ ಕಡಿತ’ವೇ ವಾಸಿ.

2002ರ ಕಾನೂನಿನಿಂದ ಬಂದ ‘ಕಮ್ಯುನಿಟಿ ಸಪೋರ್ಟ್ ಆಫೀಸರ್’ಗೂ ಹೆಸರು ಬೇಕು. ಇವರಿಗೆ ಸಮವಸ್ತ್ರ ಇದೆ, ಸಂಬಳ ಇದೆ, ಪೊಲೀಸರಷ್ಟು ಅಧಿಕಾರ ಇಲ್ಲ. ‘ಅಧಿಕಾರಿ’ ಅಂದರೆ ದೊಡ್ಡ ಸಾಹೇಬರು ಅಂದುಕೊಳ್ಳುತ್ತಾರೆ. ‘ಹೋಮ್‌ಗಾರ್ಡ್’ ಹತ್ತಿರ, ಆದರೆ ಅವರು ಸ್ವಯಂಸೇವಕರ ಲೆಕ್ಕ. ‘ಪೊಲೀಸ್ ಸಹಾಯಕರು’ ಆಗಬಹುದೇ?

ನನ್ನ ಕರಡು ಸಾಲು ಹೀಗಿದೆ: ‘ನಿಮ್ಮ ಬೀದಿಯ ಬೀಟ್ ಪೊಲೀಸರ ಪರಿಚಯ ಇದ್ದರೆ ನಿಮಗೂ ಒಂದು ಧೈರ್ಯ. ಅನುದಾನ ಕಡಿತದಿಂದ ಅವರಿಗೆ ಮೊದಲಿನಷ್ಟು ಸಲ ಬರಲಾಗುತ್ತಿಲ್ಲ.’

ಇದು ಕರಾವಳಿಯವರಿಗೆ, ಬೀದರ್, ಕಲಬುರಗಿ ಕಡೆಯವರಿಗೆ ಸಹಜವಾಗಿ ಕೇಳುತ್ತದೆಯೇ? ಪೊಲೀಸ್ ಕುಟುಂಬದವರು ಯಾರಾದರೂ ಇದ್ದರೆ, ಜನರ ಜೊತೆ ಸುಮ್ನೆ ಮಾತಾಡಿಸಿಕೊಂಡು ಬರುವ ಈ ಕೆಲಸಕ್ಕೆ ಠಾಣೆಯಲ್ಲಿ ಏನಂತಾರೆ ಅಂತ ದಯವಿಟ್ಟು ತಿಳಿಸಿ.