ಸೆಖೆಗಾಲದಲ್ಲಿ ರಾತ್ರಿ 11ಕ್ಕೇ ಕರೆಂಟ್ ಹೋಗುವುದೇಕೆ? ದೊಡ್ಡ ಟಿಸಿ (ಟ್ರಾನ್ಸ್‌ಫಾರ್ಮರ್) ಹಾಕಿಸಿದರೆ ಸರಿಹೋಗುತ್ತಾ?

ಮೂರನೇಮಹಡಿ ಕೇಳಿದ್ದು:

ಹಳೇ ಬಡಾವಣೆ. 250 ಕೆವಿಎ ಟಿಸಿ ಒಂದು, ಅದಕ್ಕೆ ನೆಲದಡಿಯ 11 ಕೆವಿ ಕೇಬಲ್, ಅಲ್ಲಿಂದ ಮನೆಗಳಿಗೆ ಕಂಬದ ಮೇಲಿನ ಎಲ್‌ಟಿ (ಕಡಿಮೆ ವೋಲ್ಟೇಜಿನ) ಲೈನು. ಚಳಿಗಾಲದಲ್ಲಿ ತಕರಾರಿಲ್ಲ. ಸೆಖೆ ಹಿಡಿದ ಮೇಲೆ ರಾತ್ರಿ ಹತ್ತೂವರೆಯಿಂದ ಹನ್ನೆರಡರೊಳಗೆ ಒಂದು ಫೇಸ್ ಮಾತ್ರ ಹೋಗುತ್ತದೆ. ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ 175ಕ್ಕೆ ಇಳಿಯುತ್ತದೆ. ಕೆಲವು ದಿನ ಇಡೀ ಏರಿಯಾನೇ ಹೋಗಿ, ವಾಪಸ್ ಬಂದ ಐದೇ ನಿಮಿಷಕ್ಕೆ ಮತ್ತೆ ಟ್ರಿಪ್. ಮಧ್ಯಾಹ್ನ ಬಿಸಿಲು ಸುಡುವಾಗ ಏನೂ ಆಗದೆ ರಾತ್ರಿಯೇ ಏಕೆ? 500 ಕೆವಿಎ ಟಿಸಿ ಬೇಕು ಅಂತ ಅರ್ಜಿ ಸಿದ್ಧವಾಗಿದೆ. ಕೊಡುವ ಮೊದಲು ಏನೇನು ಅಳತೆ ಮಾಡಿಸಬೇಕು?

ಟಾಂಗ್‌ಟೆಸ್ಟರ್:

ಅರ್ಜಿ ಎರಡು ದಿನ ತಡೆಯಿರಿ. 250 ಕೆವಿಎ, 433 ವೋಲ್ಟ್ ಅಂದರೆ ಫೇಸ್ ಒಂದಕ್ಕೆ 333 ಆಂಪಿಯರ್. ರಾತ್ರಿ 11ಕ್ಕೆ, ಹಗಲಲ್ಲ, ಲೈನ್‌ಮನ್ ಕೈಲಿ ಮೂರೂ ಫೇಸ್ ಮತ್ತು ನ್ಯೂಟ್ರಲ್‌ಗೆ ಟಾಂಗ್ ಟೆಸ್ಟರ್ (ತಂತಿಯನ್ನು ಇಕ್ಕಳದಂತೆ ಸುತ್ತುವರಿದು ಕರೆಂಟ್ ಅಳೆಯುವ ಮೀಟರ್) ಹಾಕಿಸಿ. ನೀವೇ ಬಾಕ್ಸ್ ತೆಗೆಯೋಕೆ ಹೋಗಬೇಡಿ.

ಉದಾಹರಣೆಗೆ ಆರ್, ವೈ, ಬಿ ಎಂಬ ಮೂರು ಫೇಸ್‌ಗಳಲ್ಲಿ ಕ್ರಮವಾಗಿ 410, 260, 190 ಬಂತು ಅಂದುಕೊಳ್ಳಿ. ಸರಾಸರಿ 287, ಕಾಗದದ ಮೇಲೆ ಟಿಸಿಗೆ ಓವರ್‌ಲೋಡೇ ಇಲ್ಲ. ಆದರೆ ಆರ್ ಫೇಸ್ 123% ಎಳೆಯುತ್ತಿದೆ. ಕಾವು ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ ಆ ಒಂದು ಸುರುಳಿಯಲ್ಲಿ ಒಂದೂವರೆ ಪಟ್ಟು ಬಿಸಿ. ನ್ಯೂಟ್ರಲ್‌ನಲ್ಲಿ ಸುಮ್ಮನೆ 195 ಆಂಪಿಯರ್ ಓಡುತ್ತಿರುತ್ತದೆ. ಹೋಗುತ್ತಿರುವುದು ಆರ್ ಫೇಸಿನ ಫ್ಯೂಸು, ಪಾಪ ಅದರ ಕೆಲಸ ಅದು ಮಾಡುತ್ತಿದೆ. ಇದಕ್ಕೆ ಹೊಸ ಟಿಸಿ ಬೇಡ. ಆರ್‌ನಲ್ಲಿರುವ ಸಿಂಗಲ್ ಫೇಸ್ ಮನೆಗಳಲ್ಲಿ ಕೆಲವನ್ನು ಬಿ‌ಗೆ ಬದಲಿಸಬೇಕು. ಕಂಬದ ಮೇಲಿನ ಅರ್ಧ ದಿನದ ಕೆಲಸ.

ರಾತ್ರಿಯೇ ಏಕೆ ಅಂದರೆ, ಟಿಸಿ ಎಣ್ಣೆ ದೊಡ್ಡ ಹಂಡೆಯ ನೀರಿದ್ದ ಹಾಗೆ, ಲೋಡ್ ಏರಿದ ಕೂಡಲೇ ಕಾಯುವುದಿಲ್ಲ. ಸಣ್ಣ ಟಿಸಿಗಳಿಗೂ ಸುಮಾರು ಮೂರು ತಾಸು ಹಿಡಿಯುತ್ತದೆ. ಮನೆ ಬಡಾವಣೆಯಲ್ಲಿ ಹಗಲು ಲೋಡ್ ಕಮ್ಮಿ, ಬಿಸಿಲಿಗೆ ಟ್ಯಾಂಕು ಕಾದಿರುತ್ತದೆ ಅಷ್ಟೆ. ಏಳಕ್ಕೆ ಅಡುಗೆ, ಒಂಬತ್ತಕ್ಕೆ ಎಸಿ. ಎಣ್ಣೆ ತುದಿ ಮುಟ್ಟುವಾಗ ಹನ್ನೊಂದು. ಒಳಗಿನ ಕಾಗದದ ಇನ್ಸುಲೇಷನ್ 98 ಡಿಗ್ರಿ ಹಾಟ್‌ಸ್ಪಾಟ್‌ಗೆ (ಸುರುಳಿಯ ಅತಿ ಬಿಸಿ ಜಾಗದ ಕಾವಿಗೆ) ಲೆಕ್ಕ ಹಾಕಿದ್ದು. ಅದರ ಮೇಲೆ ಪ್ರತಿ 6 ಡಿಗ್ರಿಗೆ ಸವೆತ ಎರಡು ಪಟ್ಟು.

ಇನ್ನೊಂದು ಮಾತು. 410 ಬರದೆ 300ಕ್ಕೇ ಫ್ಯೂಸ್ ಹೋಗುತ್ತಿದ್ದರೆ ಸಂಪರ್ಕ ಸಡಿಲ. ಅಲ್ಯೂಮಿನಿಯಂ ಕೇಬಲ್ಲನ್ನು ತಾಮ್ರದ ತುದಿಗೆ ನೇರ ಬಿಗಿದ ಕಡೆ ಆಕ್ಸೈಡ್ ಕಟ್ಟಿ, ಬಿಸಿಯಾಗಿ, ಹಿಗ್ಗಿ ಕುಗ್ಗಿ ಬೋಲ್ಟ್ ಸಡಿಲವಾಗುತ್ತದೆ. ಆ ಬಿಸಿಗೇ ಫ್ಯೂಸ್ ಕರಗುತ್ತದೆ. ಬೈಮೆಟಲ್ ಲಗ್ (ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ ಇರುವ ತುದಿ) ಹಾಕಿ ಹೊಸದಾಗಿ ಕ್ರಿಂಪ್ ಮಾಡಬೇಕು, ಅಂದರೆ ಒತ್ತಿ ಬಿಗಿಯಬೇಕು. ಅದು ಬಿಟ್ಟು ಫ್ಯೂಸ್ ಜಾಗಕ್ಕೆ ದಪ್ಪ ಅಲ್ಯೂಮಿನಿಯಂ ಎಳೆ ಸುತ್ತಿದರೆ ಮುಂದಿನ ಸಲ ಕರಗುವುದು ಟಿಸಿ.

ನ್ಯೂಟ್ರಲ್‌ಕಟ್:

ಮೇಲಿನದು ಸರಿ. ಆದರೆ 175 ವೋಲ್ಟಿಗೆ ಟಿಸಿಯನ್ನು ಬೈದು ಪ್ರಯೋಜನವಿಲ್ಲ, ಅದು ಲೈನಿನ ಲೆಕ್ಕ. 50 ಚದರ ಮಿಲಿಮೀಟರ್ ಅಲ್ಯೂಮಿನಿಯಂ ತಂತಿಗೆ ಕಿಲೋಮೀಟರಿಗೆ 0.64 ಓಮ್. 300 ಮೀಟರ್ ತುದಿಯಲ್ಲಿ 150 ಆಂಪಿಯರ್ ಎಳೆದರೆ 29 ವೋಲ್ಟ್ ಅಲ್ಲೇ ಖರ್ಚು. ಫೇಸ್‌ಗಳು ಸಮವಾಗಿದ್ದರೆ ಅಷ್ಟಕ್ಕೇ ಮುಗಿಯಿತು. ಒಂದೇ ಫೇಸ್ ಎಳೆದರೆ ಅದೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬರುವಾಗ ಇನ್ನೊಂದು 29. 230ರಲ್ಲಿ 58 ಕಳೆಯಿರಿ, ನಿಮ್ಮ 175ರ ಹತ್ತಿರಕ್ಕೇ ಬಂತು. ಹಳೇ ಲೈನುಗಳಲ್ಲಿ ನ್ಯೂಟ್ರಲ್ ತಂತಿ ಫೇಸ್‌ಗಿಂತ ತೆಳ್ಳಗಿರುತ್ತದೆ, ಅಲ್ಲಿ ಇನ್ನೂ ಕಡೆ.

ಮಲ್ಟಿಮೀಟರ್ ಇದ್ದರೆ ಮನೆಯಲ್ಲೇ ಕೂತು ದೋಷದ ಜಾತಿ ಹಿಡಿಯಬಹುದು. ಒಂದು ಫೇಸ್ ಸೊನ್ನೆ, ಉಳಿದೆರಡು ಸರಿ: ಎಲ್‌ಟಿ ಫ್ಯೂಸ್ ಅಥವಾ ಜಂಪರ್ (ಜೋಡಣೆ ತಂತಿ). ಒಂದು ಫೇಸ್ ಸರಿ, ಎರಡು ಫೇಸ್ 115ರ ಆಸುಪಾಸು: 11 ಕೆವಿ ಕಡೆ ಒಂದು ಫೇಸ್ ಹೋಗಿದೆ. ಡೆಲ್ಟಾ-ಸ್ಟಾರ್ ಟಿಸಿಯ (11 ಕೆವಿ ಕಡೆ ಸುರುಳಿಗಳನ್ನು ತ್ರಿಕೋನದಂತೆ, ಮನೆ ಕಡೆ ನಕ್ಷತ್ರದಂತೆ ಜೋಡಿಸಿದ್ದು) ಗುಣ ಇದು, ಎರಡು ಸುರುಳಿ ಸರಣಿಯಲ್ಲಿ ಬಿದ್ದು ಅರ್ಧರ್ಧ ಹಂಚಿಕೊಳ್ಳುತ್ತವೆ. ಆ ಅರ್ಧ ವೋಲ್ಟೇಜಿನಲ್ಲಿ ಫ್ರಿಜ್ಜಿನ ಕಂಪ್ರೆಸರ್ ತಿರುಗಲಾರದೆ ಗುಂಯ್‌ಗುಡುತ್ತಾ ಸುಡುತ್ತದೆ, ತಕ್ಷಣ ತೆಗೆಯಿರಿ.

ಒಂದು ಮನೆಯಲ್ಲಿ ಬಲ್ಬ್ ಮಂಕು, ಪಕ್ಕದ ಮನೆಯಲ್ಲಿ ಕಣ್ಣು ಕುಕ್ಕುವ ಬೆಳಕು ಅಂದರೆ ನ್ಯೂಟ್ರಲ್ ಕಟ್. 400 ವೋಲ್ಟಿನ ನಡುವೆ ಎರಡು ಫೇಸಿನ ಮನೆಗಳು ಸರಣಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಒಂದು ಕಡೆ 1000 ವ್ಯಾಟ್, ಇನ್ನೊಂದು ಕಡೆ 3000 ವ್ಯಾಟ್ ಹೀಟರ್ ಇದ್ದರೆ ಕಮ್ಮಿ ಲೋಡಿನ ಮನೆಗೆ 300, ಹೆಚ್ಚಿನ ಮನೆಗೆ 100. ಟಿವಿ ಸಾಯುವುದು ಕಮ್ಮಿ ಕರೆಂಟ್ ಬಳಸುವವರ ಮನೆಯಲ್ಲೇ! ಮೇನ್ ಇಳಿಸಿ, ಆಮೇಲೆ ಫೋನ್ ಮಾಡಿ.

ರಾತ್ರಿಪಾಳಿ:

ಟಿಸಿಯ ಟ್ಯಾಪ್ (ವೋಲ್ಟೇಜ್ ಹೊಂದಿಸುವ ಸ್ವಿಚ್) ಒಂದು ಮೆಟ್ಟಿಲು ಏರಿಸಿದರೆ ಕೊನೆಯ ಮನೆಗಳಿಗೆ ಸ್ವಲ್ಪ ಆರಾಮ ಸಿಗಲ್ವಾ?

ನ್ಯೂಟ್ರಲ್‌ಕಟ್:

ಮೆಟ್ಟಿಲಿಗೆ 2.5%, ಅಂದರೆ 6 ವೋಲ್ಟ್. 55 ವೋಲ್ಟಿನ ಗುಂಡಿಗೆ ಒಂದು ಬೊಗಸೆ ಮಣ್ಣು. ಮೇಲಾಗಿ ಬೆಳಗಿನ ಜಾವ ಲೋಡ್ ಇಳಿದಾಗ ಟಿಸಿ ಪಕ್ಕದ ಮನೆಗಳಿಗೆ 250 ದಾಟುತ್ತದೆ. ಲೈನ್ ಪೂರ್ತಿ ಆಫ್ ಮಾಡಿಯೇ ತಿರುಗಿಸಬೇಕಾದ ಟ್ಯಾಪ್ ಅದು, ದಿನಾ ಮಾಡುವ ಕೆಲಸವಲ್ಲ.

ಕೇಬಲ್‌ಜಾಯಿಂಟ್:

ಇಡೀ ಏರಿಯಾ ಹೋಗುವುದರ ಬಗ್ಗೆ ಯಾರೂ ಹೇಳಲಿಲ್ಲ. ನೆಲದಡಿಯ ಕೇಬಲ್ ತನ್ನ ಬಿಸಿಯನ್ನು ಮಣ್ಣಿಗೆ ಬಿಡಬೇಕು. ಒದ್ದೆ ಮಣ್ಣಿಗಿಂತ ಒಣ ಮಣ್ಣು ಎರಡು ಮೂರು ಪಟ್ಟು ಹೆಚ್ಚು ತಡೆಯುತ್ತದೆ. ಕೇಬಲ್ ಬಿಸಿಯಾದಷ್ಟೂ ಸುತ್ತಲಿನ ತೇವ ದೂರ ಸರಿಯುತ್ತದೆ, ಮಣ್ಣು ಇನ್ನೂ ಒಣಗುತ್ತದೆ. ಎಕ್ಸ್‌ಎಲ್‌ಪಿಇ (ಪ್ಲಾಸ್ಟಿಕ್ ಇನ್ಸುಲೇಷನ್ನಿನ ಹೊಸ ಬಗೆ ಕೇಬಲ್) ಆದರೆ 90 ಡಿಗ್ರಿ ತನಕ ತಡೆಯುತ್ತದೆ. ಹಳೇ ಕಾಗದ-ಸೀಸದ ಕೇಬಲ್ 65–70ಕ್ಕೇ ಸುಸ್ತು. ಆದರೂ ಕೇಬಲ್ಲಿನ ಮೈಗಿಂತ ಮೊದಲು ಸೋಲುವುದು ಜಾಯಿಂಟು, ಅದರಲ್ಲೂ ಹಳೇ ಕಾಗದದ ಕೇಬಲ್ಲಿಗೆ ಹೊಸ ಎಕ್ಸ್‌ಎಲ್‌ಪಿಇ ಸೇರಿಸಿದ ಜಾಗ.

ಫಾಲ್ಟ್ ಆದಾಗ "ಒಂದ್ಸಲ ಹಾಕಿ ನೋಡೋಣ" ಅಂತ ಬ್ರೇಕರ್ ಮತ್ತೆ ಮತ್ತೆ ಒತ್ತುವುದು ಕೆಟ್ಟ ಚಟ. ಪ್ರತಿ ಸಲವೂ ಸಾವಿರಾರು ಆಂಪಿಯರ್ ದೋಷ ಪ್ರವಾಹ ಅದೇ ಹಾದಿಯ ಉಳಿದ ಜಾಯಿಂಟ್‌ಗಳನ್ನೂ ಹಾದು ಹೋಗುತ್ತದೆ. ಕ್ರಮ ಬೇರೆ ಇದೆ: ಎರಡೂ ತುದಿ ಬೇರ್ಪಡಿಸಿ, ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿ ಯಾವ ಕೋರ್ (ಕೇಬಲ್ಲಿನ ಒಳಎಳೆ) ಅಂತ ಗುರುತಿಸಿ, ಟಿಡಿಆರ್ (ಪಲ್ಸ್ ಕಳಿಸಿ ಅದರ ಪ್ರತಿಧ್ವನಿಯಿಂದ ದೂರ ಅಳೆಯುವ ಯಂತ್ರ) ಹಾಕಬೇಕು. ಎಕ್ಸ್‌ಎಲ್‌ಪಿಇಯಲ್ಲಿ ಪಲ್ಸ್ ಮೈಕ್ರೋಸೆಕೆಂಡಿಗೆ 160–170 ಮೀಟರ್ ಓಡುತ್ತದೆ, ಹೋಗಿಬರುವ ಲೆಕ್ಕಕ್ಕೆ ಅರ್ಧ ಹಿಡಿಯಿರಿ. 6 ಮೈಕ್ರೋಸೆಕೆಂಡಿಗೆ ಪ್ರತಿಧ್ವನಿ ಬಂದರೆ 500 ಮೀಟರ್ ಹತ್ತಿರ. ದೋಷದ ತಡೆ ಜಾಸ್ತಿಯಿದ್ದು ಟಿಡಿಆರ್‌ಗೆ ಕಾಣದಿದ್ದರೆ ಥಂಪರ್ (ಕೇಬಲ್ಲಿಗೆ ಹೆಚ್ಚಿನ ವೋಲ್ಟೇಜಿನ ಹೊಡೆತ ಕೊಡುವ ಯಂತ್ರ) ಜೊತೆ ಸೇರಿಸಿಯೇ ದೂರ ಹಿಡಿಯಬೇಕು. ಆಮೇಲೆ ಅಲ್ಲಿ ಥಂಪರ್ ಬಡಿಸಿ ನೆಲಕ್ಕೆ ಮೈಕ್ ಇಟ್ಟು ಕೇಳಿದರೆ ಅಗೆಯುವ ಜಾಗ ಸಿಗುತ್ತದೆ.

ಕಾಗದದ ಕೇಬಲ್ ಕತ್ತರಿಸಿದಾಗ ಒಂದು ಪಟ್ಟಿ ಕಾಗದ ಬಿಚ್ಚಿ, 130 ಡಿಗ್ರಿಯಷ್ಟು ಕಾದ ಎಣ್ಣೆಗೆ ಬಿಡುತ್ತಾರೆ. ಚಿಟಪಟ ಅಂದು ನೊರೆ ಎದ್ದರೆ ಒಳಗೆ ನೀರಿದೆ. ಸದ್ದಿಲ್ಲದ ಕಾಗದ ಸಿಗುವ ತನಕ ಹಿಂದೆ ಹಿಂದೆ ಕತ್ತರಿಸಬೇಕು. ಬೆವರು ಕೈಯಿಂದ ಮುಟ್ಟಿದ ಪಟ್ಟಿಯೂ ಚಿಟಪಟ ಅನ್ನುತ್ತದೆ, ಇಕ್ಕಳದಲ್ಲೇ ಹಿಡಿಯಬೇಕು. ಇದನ್ನು ಬಿಟ್ಟು ಅವಸರದಲ್ಲಿ ಮುಚ್ಚಿದ ಜಾಯಿಂಟ್ ಹೆಚ್ಚು ದಿನ ಬಾಳುವುದಿಲ್ಲ.

ಮೂರನೇಮಹಡಿ:

ಬಂದ ಐದು ನಿಮಿಷಕ್ಕೆ ಮತ್ತೆ ಹೋಗುವುದೂ ಜಾಯಿಂಟೇನಾ?

ರಾತ್ರಿಪಾಳಿ:

ಬಹುಮಟ್ಟಿಗೆ ಅಲ್ಲ. ಮಾಮೂಲಿ ಹೊತ್ತಲ್ಲಿ ಎಲ್ಲ ಕಂಪ್ರೆಸರ್ ಒಟ್ಟಿಗೆ ಓಡುವುದಿಲ್ಲ, ಒಂದು ನಿಂತಾಗ ಇನ್ನೊಂದು ಓಡುತ್ತೆ. ಎರಡು ತಾಸು ಕರೆಂಟ್ ಇಲ್ಲದಿದ್ದರೆ ಎಲ್ಲ ಕೋಣೆ, ಎಲ್ಲ ಫ್ರಿಜ್ ಬಿಸಿ, ಎಲ್ಲವೂ ಒಮ್ಮೆಗೇ ಶುರು. ಹೋಗುವ ಮುಂಚೆ ಇದ್ದ ಲೋಡಿನ ಎರಡು ಪಟ್ಟು ಸಲೀಸಾಗಿ ಏರುತ್ತೆ. ಇದರಲ್ಲಿ ಸ್ಟೆಬಿಲೈಜರ್‌ಗಳ ಪಾತ್ರ ಬೇರೆ: ಬಹಳಷ್ಟಕ್ಕೆ 3 ನಿಮಿಷದ ಡಿಲೇ, ಹಾಗಾಗಿ ಕರೆಂಟ್ ಬಂದ ಮೂರನೇ ನಿಮಿಷಕ್ಕೆ ಸರಿಯಾಗಿ ಬೀದಿಯ ಎಸಿಗಳೆಲ್ಲ ಒಟ್ಟಿಗೆ ಏಳುತ್ತವೆ. ಕರೆಂಟ್ ಹೋದ ಕೂಡಲೇ ಎಸಿ, ಗೀಸರ್ ಎಂಸಿಬಿ ಇಳಿಸಿ, ಒಂದು ದೀಪ ಮಾತ್ರ ಬಿಡಿ. ಬಂದ ಮೇಲೆ ಸರಿಸಂಖ್ಯೆ ಮನೆಗಳು 10 ನಿಮಿಷಕ್ಕೆ, ಬೆಸಸಂಖ್ಯೆಯವು 25ಕ್ಕೆ ಹಾಕಲಿ.

ಟಾಂಗ್‌ಟೆಸ್ಟರ್:

ಅರ್ಜಿಗೆ ವಾಪಸ್ ಬರುತ್ತೇನೆ. ಸತತ ಮೂರು ರಾತ್ರಿಯ ಮೂರು ಫೇಸ್ ಮತ್ತು ನ್ಯೂಟ್ರಲ್ ಆಂಪಿಯರ್, ಅದೇ ಗಳಿಗೆಯ ಕೊನೆಯ ಮನೆಯ ವೋಲ್ಟೇಜ್, ಫ್ಯೂಸ್ ಹೋದ ದಿನಾಂಕ–ಸಮಯ ಬರೆದು ಲಗತ್ತಿಸಿ. ಸಮ ಮಾಡಿದ ಮೇಲೂ ಪ್ರತಿ ಫೇಸ್ 333 ದಾಟಿದರೆ ಮಾತ್ರ ಟಿಸಿ ಕೇಳಿ. ಆಗಲೂ ಅದೇ ಜಾಗಕ್ಕೆ 500 ಕೇಳಬೇಡಿ, ಲೈನ್ ಹಾಗೇ ಉಳಿದು ಕೊನೆಯ ಮನೆಗೆ ಅದೇ 175. ಲೈನಿನ ಆ ತುದಿಯ ಕಡೆಗೆ ಇನ್ನೊಂದು 250 ಕೇಳಿ, ಲೈನನ್ನು ನಡುವೆ ಕತ್ತರಿಸಿ ಎರಡಕ್ಕೂ ಹಂಚಲಿ. ಉದ್ದ ಅರ್ಧ, ಕರೆಂಟ್ ಅರ್ಧ, ಡ್ರಾಪ್ ಕಾಲು ಭಾಗ.