ಎಂಎಸ್‌ಎಫ್‌ನಂಥ ಅಂತರರಾಷ್ಟ್ರೀಯ ವೈದ್ಯಕೀಯ ಸಂಸ್ಥೆಯಲ್ಲಿ ವಿದ್ಯಾರ್ಥಿಗಳಿಗೆ ಕೆಲಸ ಸಿಗುತ್ತಾ? ಸಿಕ್ಕರೆ ಎಂಥ ಕೆಲಸ?

ಹಾವೇರಿ_ಮೆಡಿಕೋ

ಎಲ್ಲರಿಗೂ ನಮಸ್ಕಾರ. ನಾನು ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದೇನೆ. ನನ್ನ ಚಿಕ್ಕಪ್ಪನ ಮಗ ಧಾರವಾಡದಲ್ಲಿ ಜಿಯಾಗ್ರಫಿ ಎಂಎಸ್ಸಿ ಓದುತ್ತಿದ್ದಾನೆ. ಮುಂದಿನ ರಜೆಯಲ್ಲಿ ಇಬ್ಬರಿಗೂ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ (ಎಂಎಸ್‌ಎಫ್) ತರಹದ ಸಂಸ್ಥೆಯಲ್ಲಿ ಇಂಟರ್ನ್ ಆಗಿಯೋ ವಾಲಂಟಿಯರ್ ಆಗಿಯೋ ಸೇರುವ ಆಸೆ. ಅವರ ವೆಬ್‌ಸೈಟ್ ನೋಡಿದರೆ ಡಾಕ್ಟರ್, ನರ್ಸ್, ಲಾಜಿಸ್ಟಿಶಿಯನ್ (ಸಾಮಾನು, ಸಾಗಣೆ ನೋಡಿಕೊಳ್ಳುವವರು) ಬೇಕು ಅಂತಿದೆ, ವಿದ್ಯಾರ್ಥಿಗಳ ಮಾತೇ ಇಲ್ಲ.

ಈ ಮಧ್ಯೆ ಇನ್ನೊಂದು ಏಜೆನ್ಸಿಯವರು ನಮ್ಮ ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಒಂದು ಪಿಡಿಎಫ್ ಹಾಕಿದ್ದಾರೆ. ಟಾಂಜಾನಿಯಾದಲ್ಲಿ ಎರಡು ವಾರ, "ಹೊಲಿಗೆ ಹಾಕಬಹುದು, ಹೆರಿಗೆಗೆ ಸಹಾಯ ಮಾಡಬಹುದು", ಕೊನೆಗೆ ಸರ್ಟಿಫಿಕೇಟ್, ಜೊತೆಗೆ ಒಂದು ದಿನ ಸಫಾರಿ. ವಿಮಾನದ ಖರ್ಚು ಬಿಟ್ಟು ಒಂದೂವರೆ ಲಕ್ಷಕ್ಕಿಂತ ಜಾಸ್ತಿ. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದಾದರೂ ಕಳಿಸುತ್ತೇನೆ ಅನ್ನುತ್ತಿದ್ದಾರೆ. ಹೋಗಲೋ ಬೇಡವೋ ಅಂತ ಗೊಂದಲ. ಗೊತ್ತಿದ್ದವರು ನೇರವಾಗಿ ಹೇಳಿ, ಬೇಜಾರಾಗೋಲ್ಲ.

ಸೊರಬದ_ಡಾಕ್ಟ್ರು

ನೇರವಾಗಿ ಕೇಳಿದ್ದೀಯ, ನೇರವಾಗಿಯೇ ಹೇಳುತ್ತೇನೆ ತಂಗಿ. ಎಂಎಸ್‌ಎಫ್ ವಿದ್ಯಾರ್ಥಿಗಳನ್ನು ಫೀಲ್ಡ್‌ಗೆ ಕಳಿಸುವುದಿಲ್ಲ. ಡಿಗ್ರಿ ಮುಗಿಸಿದ ಡಾಕ್ಟರಿಗೂ ಕನಿಷ್ಠ ಎರಡು ವರ್ಷದ ಕೆಲಸದ ಅನುಭವ ಕೇಳುತ್ತಾರೆ, ಅದರ ಮೇಲೆ ತಿಂಗಳುಗಟ್ಟಲೆ ಅಲ್ಲಿ ಇರಲು ತಯಾರಿರಬೇಕು. ಸಂಬಳವನ್ನೂ ಕೊಡುತ್ತಾರೆ, ಇಲ್ಲಿನ ಕಾರ್ಪೊರೇಟ್ ಆಸ್ಪತ್ರೆಯಷ್ಟು ಖಂಡಿತ ಅಲ್ಲ.

ಯಾಕೆ ಅಂತ ಕೇಳು. ನಾನು ದಕ್ಷಿಣ ಸೂಡಾನ್‌ನಲ್ಲಿ ಅವರ ಜೊತೆ ಕೆಲಸ ಮಾಡಿದ್ದೇನೆ. ಮಳೆಗಾಲ ಶುರುವಾದರೆ ಮಕ್ಕಳ ವಾರ್ಡ್ ತುಂಬ ಮಲೇರಿಯಾ. ಹೊರಗಡೆ ಕ್ಯೂನಲ್ಲಿ ತೋಳಿನ ಸುತ್ತಳತೆ ಅಳೆಯುವ ಬಣ್ಣದ ಪಟ್ಟಿ ಹಿಡಿದು ಒಬ್ಬರು ನಿಂತಿರುತ್ತಾರೆ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಸಣ್ಣ ಇದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ, ತಕ್ಷಣ ಚಿಕಿತ್ಸೆ ಶುರುವಾಗಬೇಕು. ಆ ಕೆಲಸ ಮಾಡುವವರು ಅಲ್ಲಿಯವರೇ. ಅವರಿಗೆ ಭಾಷೆ ಬರುತ್ತದೆ, ತಾಯಂದಿರು ಅವರ ಮಾತು ಕೇಳುತ್ತಾರೆ. ಇಡೀ ಎಂಎಸ್‌ಎಫ್‌ನಲ್ಲಿ ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ ಜನ ಹೀಗೆ ಆಯಾ ದೇಶದಲ್ಲೇ ನೇಮಕವಾದವರು, ನಮ್ಮಂಥ ಹೊರಗಿನವರು ಸ್ವಲ್ಪವೇ. ಅಂಥ ಜಾಗಕ್ಕೆ ಕಲಿಯಲು ಬಂದ ಒಬ್ಬರು ಸೇರಿದರೆ ಅವರನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಹಾಸಿಗೆ, ನೀರು, ಗಾಡಿಯಲ್ಲಿ ಸೀಟು, ಎಲ್ಲಕ್ಕೂ ಲೆಕ್ಕ ಇರುತ್ತದೆ.

ಸುರಕ್ಷತೆಯ ಮಾತು ಬೇರೆ. 2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದೂಜ್‌ನಲ್ಲಿ ಅವರ ಆಸ್ಪತ್ರೆ ಮೇಲೆ ಅಮೆರಿಕದ ವಿಮಾನ ದಾಳಿ ಮಾಡಿ 42 ಜನ ಸತ್ತರು. ಆಸ್ಪತ್ರೆ ಎಲ್ಲಿದೆ ಅಂತ ಮೊದಲೇ ತಿಳಿಸಿದ್ದರೂ ಹಾಗಾಯಿತು. ಅಂಥ ಕಡೆಗೆ ಇಪ್ಪತ್ತು ವರ್ಷದ ಮಕ್ಕಳನ್ನು ಯಾರು ಕರೆದುಕೊಂಡು ಹೋಗುತ್ತಾರೆ ಹೇಳು?

ಆ ಪಿಡಿಎಫ್ ವಿಷಯ. ಮೂರನೇ ವರ್ಷದವರು ಇಲ್ಲಿ, ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ, ಯಾರ ಮೇಲ್ವಿಚಾರಣೆಯೂ ಇಲ್ಲದೆ ಹೆರಿಗೆ ಮಾಡಿಸಬಹುದಾ? ಇಲ್ಲ ಅಲ್ವಾ. ಹಾಗಿದ್ದಮೇಲೆ ಅಲ್ಲಿಯ ಹೆಂಗಸಿನ ಮೇಲೆ ಯಾಕೆ ಕಲಿಯಬೇಕು? ಸಾಲ ಬೇಡ ಅಂತ ಅಪ್ಪನಿಗೆ ಇವತ್ತೇ ಹೇಳಿಬಿಡು.

ಪೆನ್ನು_ಪೇಪರ್

ಡಾಕ್ಟ್ರು ಹೇಳಿದ್ದು ಫೀಲ್ಡ್ ವಿಷಯ. ಆಫೀಸ್ ಇಂಟರ್ನ್‌ಶಿಪ್ ಬೇರೆ, ಅದು ಇದೆ. ನ್ಯೂಯಾರ್ಕ್ ಕಚೇರಿಯವರು ವಿದ್ಯಾರ್ಥಿಗಳಿಗೆ ದುಡ್ಡು ಕೊಟ್ಟೇ ಇಂಟರ್ನ್‌ಶಿಪ್ ಕೊಡುತ್ತಾ ಬಂದಿದ್ದಾರೆ, ಆದರೆ ಅಲ್ಲಿ ಕೆಲಸ ಮಾಡುವ ಅನುಮತಿ ಇದ್ದವರಿಗೆ ಮಾತ್ರ. ನಾನು ಮಾಸ್ ಕಮ್ಯುನಿಕೇಶನ್ ಓದುವಾಗ ದೆಹಲಿ ಕಚೇರಿಯಲ್ಲಿ ಕೆಲವು ತಿಂಗಳು ಇದ್ದೆ.

ಸಿನಿಮಾದಲ್ಲಿ ಕಾಣುವ ಹಾಗೆ ಏನೂ ಇರಲಿಲ್ಲ. ಸಂದರ್ಶನದ ರೆಕಾರ್ಡಿಂಗ್ ಕೇಳಿ ಟೈಪ್ ಮಾಡುವುದು, ಫೋಟೋಗಳಿಗೆ ವಿವರ ಬರೆಯುವುದು, ರೋಗಿಯ ಒಪ್ಪಿಗೆ ಪತ್ರ ಇದೆಯಾ ಅಂತ ಮತ್ತೆ ಮತ್ತೆ ನೋಡುವುದು. ಈ ಒಪ್ಪಿಗೆ ಪತ್ರದ ಗಲಾಟೆ ಮೊದಮೊದಲು ನನಗೆ ಅತಿ ಅನ್ನಿಸುತ್ತಿತ್ತು. ಆಮೇಲೆ ಕಾರಣ ತಿಳಿಯಿತು. ಮಣಿಪುರದಲ್ಲಿ ಅವರು ಎಚ್‌ಐವಿ, ಟಿಬಿ ಎರಡೂ ಇದ್ದವರಿಗೆ ಚಿಕಿತ್ಸೆ ಕೊಡುತ್ತಿದ್ದರು, ಮುಂಬೈನ ಗೋವಂಡಿಯಲ್ಲಿ ಔಷಧಕ್ಕೆ ಬಗ್ಗದ ಟಿಬಿ ಕ್ಲಿನಿಕ್, ಪಟ್ನಾದಲ್ಲಿ ಎಚ್‌ಐವಿ ತುಂಬಾ ಮುಂದುವರಿದವರ ವಾರ್ಡ್. ಇಂಥವರ ಮುಖ ಪೇಪರಿನಲ್ಲಿ ಬಂದರೆ ಮನೆ ಬಾಡಿಗೆಗೆ ಸಿಗೋಲ್ಲ, ಮಗಳ ಮದುವೆ ಮುರಿಯುತ್ತದೆ. ಛತ್ತೀಸ್‌ಗಢದ ಬಿಜಾಪುರದಲ್ಲೂ (ನಮ್ಮ ವಿಜಯಪುರ ಅಲ್ಲ, ಮನೆಯವರಿಗೆ ಇದನ್ನು ಬಿಡಿಸಿ ಹೇಳಿ ಸಾಕಾಗಿತ್ತು) ಮೊಬೈಲ್ ಕ್ಲಿನಿಕ್ ನಡೆಸುತ್ತಿದ್ದರು. ಅಲ್ಲಿಂದ ಬರುವ ಒಂದೊಂದು ಸಾಲನ್ನೂ ಅಳೆದು ತೂಗಿ ಬರೆಯಬೇಕಿತ್ತು, ಯಾಕೆಂದರೆ ಅಲ್ಲಿ ನಕ್ಸಲರು, ಪೊಲೀಸರು ಎರಡೂ ಕಡೆ ಬಂದೂಕು ಇತ್ತು.

ನಿನ್ನಂಥ ಮೆಡಿಕೋಗೆ ಆಫೀಸ್ ಕೆಲಸ ಬೋರ್ ಆಗಬಹುದು. ಆದರೂ ಒಂದು ಔಷಧದ ಬೆಲೆ ಹೇಗೆ ಇಳಿಯುತ್ತದೆ ಅನ್ನೋದನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. 1999ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು, ಅದೇ ವರ್ಷ ಔಷಧಗಳು ಬಡವರಿಗೆ ಸಿಗಬೇಕು ಅನ್ನುವ ಆಂದೋಲನವನ್ನೂ ಶುರು ಮಾಡಿದರು. ಎಚ್‌ಐವಿ ಔಷಧ ಅಗ್ಗವಾಗಿದ್ದರಲ್ಲಿ ನಮ್ಮ ದೇಶದ ಜೆನೆರಿಕ್ ಕಂಪನಿಗಳ (ಅದೇ ಔಷಧವನ್ನು ಬ್ರ್ಯಾಂಡ್ ಹೆಸರಿಲ್ಲದೆ ಕಡಿಮೆ ಬೆಲೆಗೆ ಮಾಡುವವರ) ಪಾಲು ದೊಡ್ಡದು. ಅದರ ಬಗ್ಗೆ ಓದು, ಇಂಟರ್ವ್ಯೂನಲ್ಲಿ ಖಂಡಿತ ಕೆಲಸಕ್ಕೆ ಬರುತ್ತದೆ.

ನಕ್ಷೆ_ಹುಚ್ಚ

ಜಿಯಾಗ್ರಫಿ ಓದುವ ತಮ್ಮನ ವಿಷಯ ಯಾರೂ ಎತ್ತಲಿಲ್ಲ! ಅವನಿಗೆ ಇವತ್ತು ರಾತ್ರಿಯಿಂದಲೇ ಕೆಲಸ ಇದೆ. ವೀಸಾ ಬೇಡ, ಅರ್ಜಿ ಬೇಡ, ಯಾರ ಶಿಫಾರಸೂ ಬೇಡ.

ಮಿಸ್ಸಿಂಗ್ ಮ್ಯಾಪ್ಸ್ ಅಂತ ಒಂದು ಯೋಜನೆ. ಎಂಎಸ್‌ಎಫ್, ಬ್ರಿಟಿಷ್ ಮತ್ತು ಅಮೆರಿಕನ್ ರೆಡ್ ಕ್ರಾಸ್, ಹ್ಯುಮಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ (ಯಾರು ಬೇಕಾದರೂ ತಿದ್ದಬಹುದಾದ ಉಚಿತ ಆನ್‌ಲೈನ್ ನಕ್ಷೆ) ತಂಡ ಸೇರಿ 2014ರಲ್ಲಿ ಶುರು ಮಾಡಿದ್ದು. ಹಿನ್ನೆಲೆ ಕೇಳಿ. ಆ ವರ್ಷದ ಮಾರ್ಚ್‌ನಲ್ಲಿ ಗಿನಿ ದೇಶದ ಗೆಕೆಡು ಪಟ್ಟಣದ ಕಡೆ ಎಬೋಲಾ ಹಬ್ಬಿತು. ಎಬೋಲಾದಲ್ಲಿ ರೋಗಿ ಯಾರ ಜೊತೆ ಇದ್ದ, ಎಲ್ಲಿಗೆ ಹೋಗಿದ್ದ ಅಂತ ಹುಡುಕಿಕೊಂಡು ಹೋಗಲೇಬೇಕು. ರೋಗಿ ಊರ ಹೆಸರು ಹೇಳುತ್ತಾನೆ, ಆದರೆ ನಕ್ಷೆಯಲ್ಲಿ ಆ ಊರೇ ಇಲ್ಲ, ದಾರಿಯೂ ಇಲ್ಲ. ಆಗ ಎಲ್ಲೆಲ್ಲಿಯದೋ ಜನ ತಮ್ಮ ತಮ್ಮ ಮನೆಯಲ್ಲಿ ಕೂತು ಉಪಗ್ರಹದ ಚಿತ್ರ ನೋಡಿಕೊಂಡು ಕೆಲವೇ ದಿನಗಳಲ್ಲಿ ಆ ಪಟ್ಟಣದ ರಸ್ತೆ, ಮನೆ ಎಲ್ಲ ಗುರುತು ಮಾಡಿದರು. ಫೀಲ್ಡ್‌ನಲ್ಲಿದ್ದವರು ಅದನ್ನೇ ಇಟ್ಟುಕೊಂಡು ಓಡಾಡಿದರು.

ಕೆಲಸ ಹೀಗೆ: ಟಾಸ್ಕಿಂಗ್ ಮ್ಯಾನೇಜರ್ ಅನ್ನುವ ವೆಬ್‌ಸೈಟಿನಲ್ಲಿ ಇಡೀ ಪ್ರದೇಶವನ್ನು ಚೌಕ ಚೌಕ ಮಾಡಿ ಇಟ್ಟಿರುತ್ತಾರೆ. ಒಂದು ಚೌಕ ತೆಗೆದುಕೊಂಡು ಅದರಲ್ಲಿ ಕಾಣುವ ಪ್ರತಿ ಚಾವಣಿಯ ಸುತ್ತ ಗೆರೆ ಎಳೆಯಬೇಕು, ಕಾಲುದಾರಿ ಗುರುತು ಮಾಡಬೇಕು. ಆಮೇಲೆ ಅನುಭವ ಇದ್ದವರು ತಿದ್ದುತ್ತಾರೆ. ಊರಿನ ಹೆಸರು, ಬಾವಿ, ಶಾಲೆ ಇದನ್ನೆಲ್ಲ ಕೊನೆಗೆ ಆಯಾ ಊರಿನವರೇ ಸೇರಿಸುತ್ತಾರೆ, ಯಾಕೆಂದರೆ ಅದು ಮೇಲಿನಿಂದ ಕಾಣೋಲ್ಲ. ಚಾವಣಿ ಎಣಿಸಿದರೆ ಜನ ಸುಮಾರು ಎಷ್ಟು ಅಂತ ತಿಳಿಯುತ್ತದೆ, ಜನ ಎಷ್ಟು ಅಂತ ತಿಳಿದರೆ ದಡಾರ ಲಸಿಕೆ ಎಷ್ಟು ಬೇಕು ಅಂತ ತಿಳಿಯುತ್ತದೆ. ಮರದ ನೆರಳನ್ನು ಮನೆ ಅಂದುಕೊಳ್ಳುವುದು ಹೊಸಬರಲ್ಲಿ ಮಾಮೂಲು, ತಿದ್ದುವವರು ಬೈಯೋಲ್ಲ.

ಒಂದೇ ತೊಂದರೆ, ಸರ್ಟಿಫಿಕೇಟ್‌ಗೋಸ್ಕರ ಬರುವವರು ಅರ್ಧ ಗಂಟೆಗೆ ಎದ್ದು ಹೋಗುತ್ತಾರೆ. ಕಾಲೇಜಿನಲ್ಲಿ ಹತ್ತು ಜನ ಸೇರಿಸಿ ಮ್ಯಾಪಥಾನ್ (ಎಲ್ಲರೂ ಒಟ್ಟಿಗೆ ಕೂತು ನಕ್ಷೆ ಮಾಡುವುದು) ಮಾಡಿದರೆ ನಿಲ್ಲುತ್ತಾರೆ. ಚಹಾ, ಮಿರ್ಚಿ ಭಜಿ ಇದ್ದರೆ ಇನ್ನೂ ಜಾಸ್ತಿ ಹೊತ್ತು.

ಮೂಡಬಿದ್ರೆ_ರಾವ್

ಸೊರಬದ ಡಾಕ್ಟರೇ, ನಿಮ್ಮ ಮಾತು ಮುಕ್ಕಾಲು ಪಾಲು ಒಪ್ಪುತ್ತೇನೆ. ಆದರೆ ವಿದ್ಯಾರ್ಥಿಗಳು ಹೋದಲ್ಲೆಲ್ಲ ಬರೀ ಹೊರೆ ಅನ್ನೋದು ಸರಿ ಅಲ್ಲ ಮಾರಾಯ್ರೆ. ಆಪರೇಷನ್ ಸ್ಮೈಲ್ ನೋಡಿ. ಅಮೆರಿಕದ ಮೆಗೀ ದಂಪತಿ 1982ರಲ್ಲಿ ಶುರು ಮಾಡಿದ ಸಂಸ್ಥೆ, ಸೀಳುತುಟಿ ಇರುವ ಮಕ್ಕಳಿಗೆ ಉಚಿತ ಆಪರೇಷನ್ ಮಾಡುತ್ತದೆ. ನಮ್ಮ ದೇಶದಲ್ಲಿ ಗುವಾಹಟಿಯಲ್ಲಿ ಅಸ್ಸಾಂ ಸರ್ಕಾರದ ಜೊತೆ ಸೇರಿ ಕೇಂದ್ರ ಮಾಡಿದರು. ಅವರು ಹೈಸ್ಕೂಲ್ ಮಕ್ಕಳನ್ನೂ ತರಬೇತಿ ಕೊಟ್ಟು ಕ್ಯಾಂಪ್‌ಗೆ ಕರೆದುಕೊಂಡು ಹೋಗುತ್ತಾರೆ. ಆದರೆ ಆಪರೇಷನ್ ಥಿಯೇಟರಿನಲ್ಲಿ ಕತ್ತರಿ ಹಿಡಿಯಲು ಅಲ್ಲ. ಕಾಯುತ್ತಾ ಕೂತ ಮಕ್ಕಳನ್ನು ಆಡಿಸುವುದು, ಹಲ್ಲುಜ್ಜುವುದು ಹೇಗೆ, ಸುಟ್ಟ ಗಾಯಕ್ಕೆ ಏನು ಮಾಡಬೇಕು, ಭೇದಿ ಆದರೆ ಓಆರ್‌ಎಸ್ ಹೇಗೆ ಕಲಸಬೇಕು ಅಂತ ತಾಯಂದಿರಿಗೆ ಹೇಳಿಕೊಡುವುದು. ಆಪರೇಷನ್‌ಗೆ ಮೊದಲು ಹಸಿವಿನಿಂದ ಅಳುವ ಮಗುವನ್ನು ಎರಡು ಗಂಟೆ ಸುಮ್ಮನಿರಿಸುವುದು ಸಣ್ಣ ಕೆಲಸ ಅಲ್ಲ, ಮಾಡಿ ನೋಡಬೇಕು.

ದುಡ್ಡು ಕಟ್ಟಿಸಿಕೊಂಡರು ಅಂದ ಮಾತ್ರಕ್ಕೆ ಮೋಸ ಅಂತಲೂ ಅಲ್ಲ. ಆಫ್ರಿಕಾದ ಬಂದರುಗಳಲ್ಲಿ ಆಸ್ಪತ್ರೆ ಹಡಗು ನಿಲ್ಲಿಸುವ ಮರ್ಸಿ ಶಿಪ್ಸ್‌ನಲ್ಲಿ ಸರ್ಜನ್‌ಗಳೂ ತಮ್ಮ ಖರ್ಚು ತಾವೇ ಹಾಕಿಕೊಳ್ಳುತ್ತಾರೆ. ಹಾಗಾಗಿ ಆ ಏಜೆನ್ಸಿಯವರನ್ನು ಫೀಸ್ ಬಗ್ಗೆ ಕೇಳಬೇಡ. ನನಗೆ ಯಾವ ಕೆಲಸ ಕೊಡುತ್ತೀರಿ, ಪಕ್ಕದಲ್ಲಿ ಯಾರು ನಿಂತಿರುತ್ತಾರೆ, ನಾನು ಬರದಿದ್ದರೆ ಆ ಕೆಲಸ ಯಾರು ಮಾಡುತ್ತಿದ್ದರು ಅಂತ ಕೇಳು.

ಸೊರಬದ_ಡಾಕ್ಟ್ರು

ರಾವ್ ಅವರೇ, ಹೊಲಿಗೆ ಹಾಕಲು ಬಿಡುತ್ತೇವೆ ಅಂತ ಪಿಡಿಎಫ್‌ನಲ್ಲೇ ಬರೆದುಕೊಂಡವರನ್ನು ಇನ್ನೇನು ಕೇಳೋದು. ಆಪರೇಷನ್ ಸ್ಮೈಲ್ ವಿಷಯದಲ್ಲಿ ನಿಮ್ಮ ಮಾತು ಸರಿ.

ಜಿನೀವಾ_ಬಸ್

ದುಡ್ಡಿನ ಬಗ್ಗೆ ನಾನೂ ಒಂದು ಮಾತು ಸೇರಿಸುತ್ತೇನೆ. ಚಾರಿಟಿ ಅಲ್ಲ, ಡಬ್ಲ್ಯುಎಚ್‌ಒ ವಿಷಯ, ಆದರೂ ಈ ಪ್ರಶ್ನೆಗೆ ತೀರ ಹತ್ತಿರ. ಅಲ್ಲಿ ಬಹಳ ವರ್ಷ ಇಂಟರ್ನ್‌ಗಳಿಗೆ ಒಂದು ಪೈಸೆ ಕೊಡುತ್ತಿರಲಿಲ್ಲ. ಜಿನೀವಾದಲ್ಲಿ ಒಂದು ರೂಮಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಹಾಗಾಗಿ ಶ್ರೀಮಂತ ದೇಶದ, ಅದರಲ್ಲೂ ಅನುಕೂಲಸ್ಥರ ಮನೆ ಮಕ್ಕಳೇ ಜಾಸ್ತಿ ಬರುತ್ತಿದ್ದರು. ಮಲೇರಿಯಾ ಇರುವ ದೇಶದವರು ಮಲೇರಿಯಾ ವಿಭಾಗದಲ್ಲಿ ಕೂರಲು ಆಗುತ್ತಿರಲಿಲ್ಲ. ಹಳೆಯ ಇಂಟರ್ನ್‌ಗಳೇ ಗಲಾಟೆ ಮಾಡಿದರು. 2018ರಲ್ಲಿ ವಿಶ್ವ ಆರೋಗ್ಯ ಸಭೆ (ಡಬ್ಲ್ಯುಎಚ್‌ಒ ಸದಸ್ಯ ದೇಶಗಳ ಸಭೆ) ನಿರ್ಣಯ ಮಾಡಿತು, 2020ರಿಂದ ಸ್ಟೈಪೆಂಡ್ ಕೊಡಲು ಶುರುವಾಯಿತು. 2022ರ ಹೊತ್ತಿಗೆ ಅರ್ಧದಷ್ಟಾದರೂ ಇಂಟರ್ನ್‌ಗಳು ಬಡ ಮತ್ತು ಮಧ್ಯಮ ಆದಾಯದ ದೇಶದವರು ಇರಬೇಕು ಅನ್ನುವ ಗುರಿಯನ್ನೂ ಇಟ್ಟುಕೊಂಡರು.

ಮೂರು ವರ್ಷದ ಡಿಗ್ರಿ ಓದು ಮುಗಿದಿದ್ದು 20 ವರ್ಷ ತುಂಬಿದ್ದರೆ ಅರ್ಜಿ ಹಾಕಬಹುದು. ಅವಧಿ 6ರಿಂದ 24 ವಾರ. ದೆಹಲಿಯಲ್ಲೂ ಅವರ ಕಚೇರಿ ಇದೆ. ಎಂಬಿಬಿಎಸ್‌ನವರಿಗೆ ರಜೆಯದೇ ಸಮಸ್ಯೆ, ನಿಮ್ಮ ತಮ್ಮನಿಗೆ ಆರಾಮಾಗಿ ಹೊಂದುತ್ತದೆ.

ಕಾಡು_ಮೆಣಸು

ಹಾವೇರಿಯವರೇ, ನಿಮಗೆ ರೋಗಿಗಳ ಹತ್ತಿರ ಇರಬೇಕು ಅನ್ನುವ ಆಸೆ ಇದ್ದರೆ ಟಾಂಜಾನಿಯಾ ಯಾಕೆ? ಎಚ್.ಡಿ. ಕೋಟೆ ಕಡೆಯ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟನ್ನು 1984ರಲ್ಲಿ ಕಟ್ಟಿದ್ದೇ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು. ಸರಗೂರಿನಲ್ಲಿ ಅವರ ಆಸ್ಪತ್ರೆ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ಶುರು ಮಾಡಿದ ಸಂಸ್ಥೆ ಸೋಲಿಗರ ನಡುವೆ ಕೆಲಸ ಮಾಡುತ್ತಿದೆ. ಅಲ್ಲಿ ನೀವು ಕನ್ನಡದಲ್ಲೇ ಮಾತಾಡಬಹುದು, ರೋಗಿ ಹೇಳಿದ್ದು ನಿಮಗೆ ನೇರ ತಿಳಿಯುತ್ತದೆ. ಮುಂಚೆ ಫೋನ್ ಮಾಡಿ ಕೇಳಿಕೊಂಡು ಹೋಗಿ, ಸುಮ್ನೆ ಬ್ಯಾಗ್ ಹಿಡಿದುಕೊಂಡು ಇಳಿಯಬೇಡಿ.

ಹೊರದೇಶವೇ ಬೇಕು ಅಂದರೆ ವೈದ್ಯ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಫ್‌ಎಂಎಸ್‌ಎ ಮೂಲಕ ಎಕ್ಸ್‌ಚೇಂಜ್ ಇದೆ. ಅಲ್ಲಿಯ ಆಸ್ಪತ್ರೆಯ ಡಾಕ್ಟರ ಕೈಕೆಳಗೆ ಕಲಿಯುವುದು, ಚಾರಿಟಿ ಅನ್ನುವ ಸೋಗು ಇಲ್ಲ.

ಹಾವೇರಿ_ಮೆಡಿಕೋ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏಜೆನ್ಸಿಗೆ ಬೇಡ ಅಂತ ಮೆಸೇಜ್ ಹಾಕಿದೆ, ಕೂಡಲೇ ಇಪ್ಪತ್ತು ಸಾವಿರ ಡಿಸ್ಕೌಂಟ್ ಕೊಟ್ಟರು! ತಮ್ಮ ಆಗಲೇ ನಕ್ಷೆ ಹಿಡಿದು ಕೂತಿದ್ದಾನೆ. ಡಾಕ್ಟ್ರೇ, ಮುಂದೆ ನಾಲ್ಕೈದು ವರ್ಷ ಆದಮೇಲೆ ಎಂಎಸ್‌ಎಫ್‌ಗೆ ಹಾಕಬೇಕು ಅಂದರೆ ಈಗಿನಿಂದ ಏನು ಕಲಿಯಲಿ?

ಸೊರಬದ_ಡಾಕ್ಟ್ರು

ಫ್ರೆಂಚ್. ಕಾಂಗೋ, ಚಾಡ್, ನೈಜರ್, ಮಧ್ಯ ಆಫ್ರಿಕಾ ಗಣರಾಜ್ಯ, ಇಲ್ಲೆಲ್ಲ ಇಂಗ್ಲಿಷ್ ನಡೆಯೋಲ್ಲ. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಆನ್‌ಲೈನ್ ಕ್ಲಾಸ್ ಇದೆಯಾ ವಿಚಾರಿಸು. ಆಮೇಲೆ ಇಂಟರ್ನ್‌ಶಿಪ್ ವರ್ಷದಲ್ಲಿ ಹೆರಿಗೆ ವಾರ್ಡಿನ ನೈಟ್ ಡ್ಯೂಟಿ ಬಂದರೆ ಬೇರೆಯವರಿಗೆ ದಾಟಿಸಬೇಡ. ಸ್ಕ್ಯಾನ್ ಇಲ್ಲದೆ ಬರೀ ಕೈಯಿಂದ ಹೊಟ್ಟೆ ಮುಟ್ಟಿ ಮಗು ಹೇಗಿದೆ ಅಂತ ಹೇಳುವ ಹಿರಿಯ ಸಿಸ್ಟರ್ ಒಬ್ಬರು ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಇರುತ್ತಾರೆ, ಅವರ ಹಿಂದೆ ಬೀಳು.