ಸಹಾಯ ಬೇಕು: ಪುಟ್ಟ ಮಕ್ಕಳಿರುವ ಮನೆಯಲ್ಲಿ ಮಳೆಗಾಲದ ಚಿತ್ರರಚನೆ

ಎಲ್ಲರಿಗೂ ನಮಸ್ಕಾರ. ಉಡುಪಿ ಸಮೀಪದ ಹಂಚಿನ ಮನೆಯಲ್ಲಿ ಅತ್ತೆ-ಮಾವನವರೊಂದಿಗೆ ವಾಸಿಸುತ್ತಿರುವ ನನಗೆ ನಾಲ್ಕು ವರ್ಷದ ಮಗಳೂ ಈಗಷ್ಟೇ ಅಂಬೆಗಾಲಿಡುತ್ತಿರುವ ಮಗನೂ ಇದ್ದಾರೆ. ತೈಲವರ್ಣವನ್ನು ತೆಳುವಾಗಿಸುವ ಟರ್ಪೆಂಟೈನ್‌ನ ಆವಿ ಮಕ್ಕಳ ಉಸಿರಿಗೆ ಒಳ್ಳೆಯದಲ್ಲವೆಂದೂ, ದಿನಗಟ್ಟಲೆ ಒಣಗದ ಕ್ಯಾನ್ವಾಸನ್ನು ಅವರ ಕೈಯಿಂದ ಕಾಪಾಡುವುದು ಕಷ್ಟವೆಂದೂ ತೈಲವರ್ಣವನ್ನು ಬಿಟ್ಟು ಜಲವರ್ಣವನ್ನು ಹಿಡಿದಿದ್ದೇನೆ. ಮಗು ಎದ್ದಾಗ ಅರ್ಧಕ್ಕೆ ಬಿಟ್ಟೆದ್ದರೂ, ತಟ್ಟೆಯಲ್ಲಿ ಒಣಗಿದ ಬಣ್ಣ ನೀರು ತಾಗಿಸಿದೊಡನೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಕ್ರಿಲಿಕ್‌ನಲ್ಲಿ ಈ ಅನುಕೂಲವಿಲ್ಲ.

ತೊಂದರೆ ಇರುವುದು ಕಾಗದದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಕರಾವಳಿಯ ತೇವಕ್ಕೆ ದುಬಾರಿ ಬೆಲೆಯ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ಕೆಳಗಿನ ಕಪಾಟಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡೋಣವೆಂದರೆ ಮಗ ಬಾಯಿಗೆ ಹಾಕಿಕೊಳ್ಳುವ ಭಯ. ಅಟ್ಟದಲ್ಲಿಟ್ಟರೆ ಮಾಡಿನ ಸೋರಿಕೆ. ಮಂಗಳೂರು, ಉಡುಪಿ ಕಡೆಯ ಕಲಾವಿದರು ಮಳೆಗಾಲದಲ್ಲಿ ಕಾಗದವನ್ನೂ ಮುಗಿದ ಚಿತ್ರಗಳನ್ನೂ ಹೇಗೆ ಇಟ್ಟುಕೊಳ್ಳುತ್ತೀರಿ? ಗಾಳಿಯಾಡದ ಡಬ್ಬ ಸಾಕಾಗುತ್ತದೆಯೇ, ಅಥವಾ ಒಳಗಿನ ತೇವವೇ ಮುಳುವಾಗುತ್ತದೆಯೇ?

ಇನ್ನೊಂದು ವಿಷಯ: ಮಗಳಿಗೆ ನನ್ನ ಬಣ್ಣಗಳೇ ಬೇಕು, ಆದರೆ ಕ್ಯಾಡ್ಮಿಯಂ, ಕೋಬಾಲ್ಟ್‌ನಂತಹ ವಿಷಕಾರಿ ಲೋಹಗಳಿರುವ ಬಣ್ಣಗಳನ್ನು ಅವಳ ಕೈಗೆ ಕೊಡುವಂತಿಲ್ಲ. (ಅರಸಿನ ಕಲಸಿ ಕೊಡು ಎಂಬ ಸಲಹೆ ಮನೆಯಲ್ಲಿಯೇ ಸಿಕ್ಕಿದೆ, ಅದು ಬೆಳಕಿಗೆ ಬೇಗ ಮಾಸುತ್ತದೆ.) ನಾವಿಬ್ಬರೂ ಹಂಚಿಕೊಳ್ಳಬಹುದಾದ, ಆ ಲೋಹಗಳಿಲ್ಲದ ಉತ್ತಮ ಜಲವರ್ಣಗಳು ಮಣಿಪಾಲದಲ್ಲಾಗಲಿ ಉಡುಪಿ ಪೇಟೆಯಲ್ಲಾಗಲಿ ಸಿಗುತ್ತವೆಯೇ ಎಂಬುದನ್ನು ಬಳಸಿದವರು ದಯವಿಟ್ಟು ತಿಳಿಸಿ.